ಎಂಜಿನಿಯರಿಂಗ್ ಟೆಕ್ನಾಲಜಿ ಪದವಿಯೋ, ಪೂರ್ತಿ ಎಂಜಿನಿಯರಿಂಗ್ ಪದವಿಯೋ? ಹಾಸನ–ಚಿಕ್ಕಮಗಳೂರಿನ ಮಕ್ಕಳು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಅಂಕ, ಸಿಇಟಿ ರ‍್ಯಾಂಕ್ ಎರಡೂ ಕೈಗೆ ಬಂದ ಮೇಲೆ ನಮ್ಮ ಕಡೆ ಮನೆಮನೆಯಲ್ಲೂ ಇದೇ ಮಾತು. ಒಂದು ಕಡೆ ನಾಲ್ಕು ವರ್ಷದ ಬಿ.ಇ., ಇನ್ನೊಂದು ಕಡೆ ಡಿಪ್ಲೊಮಾ, ಬಿ.ವೋಕ್. (ವೃತ್ತಿ ಕೌಶಲದ ಪದವಿ), ಈಚೆಗೆ ಹೊರದೇಶದಿಂದ ಬರುವ ‘ಎಂಜಿನಿಯರಿಂಗ್ ಟೆಕ್ನಾಲಜಿ’ ಪದವಿಯ ಆಫರ್ ಲೆಟರ್. ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳುವ ಕೆಲಸದಲ್ಲಿರುವ ಕಾರಣ ಈ ಪ್ರಶ್ನೆಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ಗೌರವದ ದಾರಿಗಳೇ, ಆದರೆ ಎರಡೂ ಒಂದೇ ಅಲ್ಲ. ನೀವು ಓದುವ ಪದವಿಯನ್ನು ಮುಂದೆ ಯಾರು ಒಪ್ಪುತ್ತಾರೆ, ಯಾರು ಒಪ್ಪುವುದಿಲ್ಲ ಎಂಬುದನ್ನು ಲಿಖಿತವಾಗಿ ನೋಡಿಕೊಂಡ ಮೇಲೆಯೇ ಫೀಸು ಕಟ್ಟಬೇಕು.

ಎರಡಕ್ಕೂ ಇರುವ ವ್ಯತ್ಯಾಸ ನಿಜವಾಗಿ ಏನು?

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಪಲ್ಪರ್ ತೆಗೆದುಕೊಳ್ಳೋಣ. ಹಣ್ಣಿನ ಸಿಪ್ಪೆ ಬಿಡಿಸುವ ಡ್ರಮ್, ಅದನ್ನು ತಿರುಗಿಸುವ ಶಾಫ್ಟ್, ಎರಡು ತುದಿಗೆ ಬೇರಿಂಗ್, ಒಂದು ಬದಿಗೆ ಬೆಲ್ಟು, ಮೋಟಾರು. ಕೊಯ್ಲು ಜೋರಾಗಿರುವಾಗಲೇ ಶಾಫ್ಟ್ ತುಂಡಾಯಿತು ಎನ್ನಿ.

ಬಿ.ಇ. ಓದಿದವರಿಗೆ ಮೊದಲು ಏಳಬೇಕಾದ ಪ್ರಶ್ನೆ: ಈ ಶಾಫ್ಟ್ ಇಷ್ಟೇ ದಪ್ಪ ಇರಬೇಕು ಎಂದು ತೀರ್ಮಾನಿಸಿದ್ದು ಹೇಗೆ? ಮೋಟಾರಿನ ಶಕ್ತಿ ಮತ್ತು ವೇಗದಿಂದ ಟಾರ್ಕ್ (ತಿರುಚುವ ಬಲ) ಸಿಗುತ್ತದೆ. ಬೆಲ್ಟಿನ ಎಳೆತ ಶಾಫ್ಟನ್ನು ಬಗ್ಗಿಸುತ್ತದೆ. ಶಾಫ್ಟ್ ತಿರುಗುತ್ತಿರುವುದರಿಂದ ಅದರ ಮೈಮೇಲಿನ ಪ್ರತಿ ಬಿಂದುವೂ ಒಂದು ಸುತ್ತಿನಲ್ಲಿ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಲಕ್ಷಗಟ್ಟಲೆ ಸಲ ಹೀಗಾದಾಗ ಉಕ್ಕು ದಣಿಯುತ್ತದೆ, ಅದೂ ವ್ಯಾಸ ಬದಲಾಗುವ ಮೂಲೆಯಲ್ಲಿ ಅಥವಾ ಕೀಲಿಗೆಂದು ಕೊರೆದ ತೋಡಿನಲ್ಲಿ ಮೊದಲು ಬಿರುಕು ಬಿಡುತ್ತದೆ. ಇದನ್ನೆಲ್ಲ ಸಮೀಕರಣದಲ್ಲಿ ಕೂರಿಸಿ, ಇನ್ನೂ ತಯಾರಾಗದ ಶಾಫ್ಟ್ ಮುರಿಯುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳುವ ಸಾಮರ್ಥ್ಯ ಎಂಜಿನಿಯರಿಂಗ್ ಪದವಿಯ ತಿರುಳು. ಅದಕ್ಕಾಗಿಯೇ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್, ಮೆಕ್ಯಾನಿಕ್ಸ್ ಎಲ್ಲ ಅಷ್ಟು ಆಳವಾಗಿ ಬರುತ್ತವೆ.

ಟೆಕ್ನಾಲಜಿ ಪದವಿ ಓದಿದವರು ಅದೇ ಶಾಫ್ಟಿನ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಲೆಯಂಥ ಗೆರೆಗಳಿದ್ದರೆ ಒಂದೇ ಏಟಿಗೆ ಮುರಿದದ್ದಲ್ಲ, ನಿಧಾನಕ್ಕೆ ಬಿರುಕು ಬೆಳೆದು ಮುರಿದದ್ದು. ಡಯಲ್ ಗೇಜ್ ಇಟ್ಟು ಬೇರಿಂಗುಗಳು ಒಂದೇ ಸಾಲಿನಲ್ಲಿವೆಯೇ ನೋಡುತ್ತಾರೆ. ಕ್ಯಾಟಲಾಗಿನಲ್ಲಿ ಭಾರ ಮತ್ತು ಓಡುವ ಗಂಟೆಗಳಿಗೆ ಹೊಂದುವ ಬೇರಿಂಗ್ ಆರಿಸಿ, ಎಷ್ಟು ಮೈಕ್ರಾನ್ ಬಿಗಿ ಬೇಕೆಂದು ಡ್ರಾಯಿಂಗಿನಲ್ಲಿ ಬರೆದು, ಲೇತ್ ಮೇಲೆ ಮಾಡಿಸಿ, ಕೂರಿಸಿ, ಕಂಪನ ಅಳೆದು, ಮರುದಿನ ಪಲ್ಪರ್ ಓಡುವಂತೆ ಮಾಡುತ್ತಾರೆ. ಅವರ ಓದಿನಲ್ಲೂ ಗಣಿತ ಇದೆ, ಸೂತ್ರವೂ ಇದೆ. ಆದರೆ ಸೂತ್ರ ಎಲ್ಲಿಂದ ಬಂತು ಎಂಬುದಕ್ಕಿಂತ ಅದನ್ನು ಎಲ್ಲಿ, ಹೇಗೆ ಬಳಸಬೇಕು ಎಂಬುದಕ್ಕೆ ಹೆಚ್ಚು ಹೊತ್ತು ಕೊಡುತ್ತಾರೆ. ಲ್ಯಾಬಿನ ಅವಧಿ ಹೆಚ್ಚು, ಥಿಯರಿಯ ಆಳ ಕಡಿಮೆ.

ತೋಟದ ಮಾಲೀಕರಿಗೆ ಇಬ್ಬರೂ ಬೇಕು. ನಿಮ್ಮ ಮಗಳಿಗೆ ಅಥವಾ ಮಗನಿಗೆ ಇವೆರಡರಲ್ಲಿ ಯಾವ ಕೆಲಸದ ವಿವರ ಓದುವಾಗ ಕುತೂಹಲ ಕೆರಳಿತು ಎಂದು ಕೇಳಿ ನೋಡಿ.

ನಮ್ಮ ಬಿ.ಟೆಕ್. ಅಂದರೆ ಟೆಕ್ನಾಲಜಿ ಪದವಿ ಅಲ್ಲವೇ?

ಅಲ್ಲ. ಭಾರತದಲ್ಲಿ ಬಿ.ಇ. ಮತ್ತು ಬಿ.ಟೆಕ್. ಸಮಾನ. ಐಐಟಿಗಳು ಕೊಡುವುದು ಬಿ.ಟೆಕ್., ನಮ್ಮ ವಿಟಿಯು ಹೆಚ್ಚಾಗಿ ಕೊಡುವುದು ಬಿ.ಇ. ನೌಕರಿಗೆ, ಗೇಟ್ ಪರೀಕ್ಷೆಗೆ, ಎಂ.ಟೆಕ್.ಗೆ ಎರಡೂ ಒಂದೇ.

ಎಚ್ಚರ ಬೇಕಾಗಿರುವುದು ಹೊರದೇಶದ ವಿಷಯದಲ್ಲಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಬಿ.ಎಂಜಿ. (ಎಂಜಿನಿಯರಿಂಗ್ ಪದವಿ) ಮತ್ತು ಬಿ.ಟೆಕ್. ಎರಡೂ ಇವೆ, ಅಲ್ಲಿ ಅವೆರಡೂ ಬೇರೆ ಬೇರೆ ದಾರಿ. ಅಲ್ಲಿನ ಬಿ.ಟೆಕ್. ಟೆಕ್ನಾಲಜಿಯ ದಾರಿಯದು. ಊರಿನಲ್ಲಿ ‘ಕೆನಡಾದಲ್ಲಿ ಬಿ.ಟೆಕ್. ಸಿಕ್ಕಿದೆ’ ಎಂದು ಸಿಹಿ ಹಂಚುವ ಮೊದಲು ಇದನ್ನು ತಿಳಿದಿರಬೇಕು.

ಹಾಗಾದರೆ ನಮ್ಮಲ್ಲಿ ಟೆಕ್ನಾಲಜಿಯ ದಾರಿ ಯಾವುದು?

ಅಮೆರಿಕದ ನಾಲ್ಕು ವರ್ಷದ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿಗೆ ಸರಿಸಮ ಎನ್ನುವಂಥದ್ದು ನಮ್ಮಲ್ಲಿ ಬೇರೂರಿಲ್ಲ. ಹತ್ತಿರದ್ದು ಎಂದರೆ ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷದ ಡಿಪ್ಲೊಮಾ ಮತ್ತು ಯುಜಿಸಿ 2014ರಲ್ಲಿ ತಂದ ಮೂರು ವರ್ಷದ ಬಿ.ವೋಕ್.

ಕೆಲಸದ ಜಾಗದಲ್ಲಿ ಈ ಮೆಟ್ಟಿಲುಗಳು ಹೇಗಿರುತ್ತವೆ ಎಂದು ನೋಡಲು ನಾವು ದೂರ ಹೋಗಬೇಕಿಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಅದೇ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ನಾವೆಲ್ಲ ಕರೆಯುವ ಎಂಸಿಎಫ್, 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಇಸ್ರೋ ನೇಮಕಾತಿ ಪ್ರಕಟಣೆಯನ್ನು ಒಮ್ಮೆ ಪೂರ್ತಿ ಓದಿ. ಟೆಕ್ನೀಷಿಯನ್ ‘ಬಿ’ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ, ವೇತನ ಲೆವೆಲ್ 3. ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಪ್ರಥಮ ದರ್ಜೆಯ ಡಿಪ್ಲೊಮಾ, ಲೆವೆಲ್ 7. ಸೈಂಟಿಸ್ಟ್/ಎಂಜಿನಿಯರ್ ‘ಎಸ್‌ಸಿ’ ಹುದ್ದೆಗೆ ಶೇ. 65 ಅಂಕದ ಅಥವಾ 10ಕ್ಕೆ 6.84 ಸಿಜಿಪಿಎ ಇರುವ ಬಿ.ಇ./ಬಿ.ಟೆಕ್., ಲೆವೆಲ್ 10. ಮೂವರೂ ಒಂದೇ ಆಂಟೆನಾದ ಕೆಳಗೆ ಕೆಲಸ ಮಾಡುತ್ತಾರೆ. ಮೂವರಲ್ಲಿ ಒಬ್ಬರಿಲ್ಲದಿದ್ದರೂ ಉಪಗ್ರಹದ ಸಂಪರ್ಕ ನಡೆಯದು. ಆದರೆ ಒಳಗೆ ಹೋಗುವ ಬಾಗಿಲು ಮೂರು ಬೇರೆ, ಆ ಬಾಗಿಲಿನಲ್ಲಿ ಕೇಳುವ ಕಾಗದವೂ ಬೇರೆ.

ಈ ಎರಡು ದಾರಿ ಯಾಕೆ ಬೇರೆಯಾದವು?

ಅಮೆರಿಕದಲ್ಲಿ 1955ರಲ್ಲಿ ಬಂದ ಗ್ರಿಂಟರ್ ವರದಿ ಎಂಜಿನಿಯರಿಂಗ್ ಪಠ್ಯದಲ್ಲಿ ವಿಜ್ಞಾನ, ಗಣಿತ ಹೆಚ್ಚಾಗಬೇಕು ಎಂದಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಆ ಒತ್ತಡ ಇನ್ನೂ ಏರಿತು. ವರ್ಕ್‌ಶಾಪ್, ಡ್ರಾಯಿಂಗ್, ಯಂತ್ರದ ಮೇಲಿನ ಕೆಲಸ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಡಿಮೆಯಾಗುತ್ತ ಬಂತು. ಕಾರ್ಖಾನೆಗಳಿಗಂತೂ ಆ ಕೈ ಬೇಕೇ ಇತ್ತು. ಆ ಜಾಗ ತುಂಬಲು 1960ರ ದಶಕದಲ್ಲಿ ನಾಲ್ಕು ವರ್ಷದ ಟೆಕ್ನಾಲಜಿ ಪದವಿಗಳು ಬೆಳೆದವು. ಹಾಗಾಗಿ ಇದು ‘ಎಂಜಿನಿಯರಿಂಗ್ ಸೀಟು ಸಿಗದವರಿಗೆ’ ಎಂದು ಹುಟ್ಟಿದ ಕೋರ್ಸಲ್ಲ.

ಅಮೆರಿಕದಿಂದ ‘ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ’ಗೆ ಆಫರ್ ಬಂದಿದೆ. ಏನು ನೋಡಬೇಕು?

ಮೊದಲು ಮಾನ್ಯತೆ. ಅಲ್ಲಿ ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಅಬೆಟ್. ಅಬೆಟ್ ಒಳಗೆ ಎಂಜಿನಿಯರಿಂಗ್ ಪದವಿಗಳನ್ನು ನೋಡುವ ಆಯೋಗ ಇ.ಎ.ಸಿ., ಟೆಕ್ನಾಲಜಿ ಪದವಿಗಳನ್ನು ನೋಡುವ ಆಯೋಗ ಇ.ಟಿ.ಎ.ಸಿ. ‘ಅಬೆಟ್ ಮಾನ್ಯತೆ ಇದೆ’ ಎಂದು ಏಜೆಂಟರು ಹೇಳಿದರೆ ಅದು ಸುಳ್ಳಾಗಿರಲಿಕ್ಕಿಲ್ಲ, ಆದರೆ ಅರ್ಧ ಮಾತು. ಯಾವ ಆಯೋಗದ ಮಾನ್ಯತೆ ಎಂದು ಕೇಳಿ. ಅಬೆಟ್ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಿದರೆ ಪ್ರತಿ ಕೋರ್ಸಿನ ಮುಂದೆಯೂ ಆಯೋಗದ ಹೆಸರು ಕಾಣುತ್ತದೆ. ಮನೆಯಲ್ಲೇ ಕೂತು ನೋಡಬಹುದು.

ಇ.ಎ.ಸಿ. ಮಾನ್ಯತೆ ಬೇಕಾದರೆ ಕೋರ್ಸಿನಲ್ಲಿ ಗಣಿತ ಮತ್ತು ಮೂಲ ವಿಜ್ಞಾನಕ್ಕೆ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳಿಗೆ ಕನಿಷ್ಠ 45 ಕ್ರೆಡಿಟ್ ಇರಬೇಕು. ಟೆಕ್ನಾಲಜಿ ಪದವಿಗೆ ಗಣಿತದ ಈ ಕಟ್ಟುನಿಟ್ಟು ಸಡಿಲ.

ಒಂದೇ ವಿಶ್ವವಿದ್ಯಾಲಯದಲ್ಲಿ ಎರಡೂ ಇರಬಹುದು. ಇಂಡಿಯಾನಾ ರಾಜ್ಯದ ಪರ್ಡ್ಯೂನಲ್ಲಿ ಎಂಜಿನಿಯರಿಂಗ್ ಕಾಲೇಜು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುತ್ತದೆ, ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಕಲಿಸುತ್ತದೆ. ವಿಶ್ವವಿದ್ಯಾಲಯದ ಹೆಸರು ದೊಡ್ಡದು ಎಂಬ ಒಂದೇ ಕಾರಣಕ್ಕೆ ಯಾವ ವಿಭಾಗ ಎಂಬುದನ್ನು ನೋಡದೆ ಬಿಡಬೇಡಿ.

ವೀಸಾ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ಎಂಜಿನಿಯರಿಂಗ್ ಟೆಕ್ನಾಲಜಿಯ ಅನೇಕ ಕೋರ್ಸುಗಳು ಅಲ್ಲಿನ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿವೆ. ಹಾಗಿದ್ದರೆ ಓದು ಮುಗಿದ ಮೇಲೆ 12 ತಿಂಗಳ ಓಪಿಟಿಗೆ (ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ) ಇನ್ನೂ 24 ತಿಂಗಳು ವಿಸ್ತರಣೆ ಕೇಳಬಹುದು. ವೀಸಾ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಸೇರುವ ವರ್ಷದ ನಿಯಮ ನೋಡಿಕೊಳ್ಳಿ.

ಲೈಸೆನ್ಸ್ ಅಂತಾರಲ್ಲ, ಅದೇನು? ನಮ್ಮಲ್ಲಿ ಅಂಥದ್ದೇನೂ ಇಲ್ಲವಲ್ಲ?

ಪೋಷಕರು ಹೆಚ್ಚಾಗಿ ಕೇಳದೇ ಬಿಡುವ ಪ್ರಶ್ನೆ ಇದು, ಕೇಳಲೇಬೇಕಾದದ್ದೂ ಇದೇ.

ನಮ್ಮಲ್ಲಿ ಬಿ.ಇ. ಮುಗಿದ ಮರುದಿನವೇ ಎಂಜಿನಿಯರ್ ಎಂದು ಬೋರ್ಡು ಹಾಕಿಕೊಳ್ಳುತ್ತೇವೆ. ಅಮೆರಿಕದಲ್ಲಿ ಸೇತುವೆ, ಕಟ್ಟಡ, ನೀರು ಸರಬರಾಜು, ವಿದ್ಯುತ್ ವ್ಯವಸ್ಥೆಯಂಥ ಸಾರ್ವಜನಿಕ ಸುರಕ್ಷತೆಯ ನಕ್ಷೆಗೆ ಸಹಿ ಹಾಕಿ ಮೊಹರು ಒತ್ತಲು ರಾಜ್ಯದ ಪಿ.ಇ. (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್ ಬೇಕು. ಸಾಮಾನ್ಯ ದಾರಿ ಹೀಗಿದೆ: ಇ.ಎ.ಸಿ. ಮಾನ್ಯತೆಯ ಪದವಿ, ಎಫ್.ಇ. ಎಂಬ ಮೂಲ ವಿಷಯಗಳ ಪರೀಕ್ಷೆ, ನಾಲ್ಕು ವರ್ಷ ಅನುಭವ, ಆಮೇಲೆ ಪಿ.ಇ. ಪರೀಕ್ಷೆ. ಟೆಕ್ನಾಲಜಿ ಪದವಿ ಇದ್ದವರನ್ನು ಕೆಲವು ರಾಜ್ಯಗಳು ಈ ದಾರಿಗೆ ಬಿಟ್ಟುಕೊಳ್ಳುವುದಿಲ್ಲ. ಕೆಲವು ಬಿಟ್ಟುಕೊಳ್ಳುತ್ತವೆ, ಆದರೆ ಹೆಚ್ಚು ವರ್ಷಗಳ ಅನುಭವ ಕೇಳುತ್ತವೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಆದ್ದರಿಂದ ನನ್ನ ಸಲಹೆ ಖಚಿತ. ಸಿವಿಲ್, ಸ್ಟ್ರಕ್ಚರಲ್, ಪವರ್ ಕ್ಷೇತ್ರದಲ್ಲಿ ಹೊರದೇಶದಲ್ಲೇ ನೆಲೆ ನಿಲ್ಲುವ ಆಸೆ ಇದ್ದರೆ ಪೂರ್ತಿ ಎಂಜಿನಿಯರಿಂಗ್ ಪದವಿಯನ್ನೇ ಓದಿ. ಕಾರ್ಖಾನೆಯ ಉತ್ಪಾದನೆ, ಆಟೊಮೇಷನ್, ಗುಣಮಟ್ಟ ಪರೀಕ್ಷೆ, ಟೆಸ್ಟಿಂಗ್, ಸಾಫ್ಟ್‌ವೇರ್ ಕಡೆ ಮನಸ್ಸಿದ್ದರೆ ಲೈಸೆನ್ಸಿನ ಮಾತು ಬಹುತೇಕ ಬರುವುದೇ ಇಲ್ಲ. ಅಲ್ಲಿ ಟೆಕ್ನಾಲಜಿ ಪದವಿ ಇದ್ದವರನ್ನು ಎಂಜಿನಿಯರ್ ಹುದ್ದೆಗೇ ತೆಗೆದುಕೊಳ್ಳುವ ಕಂಪನಿಗಳೂ ಇವೆ.

ಕೆನಡಾ, ಆಸ್ಟ್ರೇಲಿಯಾ, ಜರ್ಮನಿ?

ಕೆನಡಾದಲ್ಲಿ ‘ಎಂಜಿನಿಯರ್’ ಎಂಬ ಹೆಸರಿಗೇ ಪ್ರಾಂತ್ಯಗಳ ಕಾನೂನಿನ ರಕ್ಷಣೆ ಇದೆ. ಪಿ.ಎಂಜಿ. (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್ ಇಲ್ಲದವರು ಸಾಮಾನ್ಯವಾಗಿ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಟೆಕ್ನಾಲಜಿ ಓದಿದವರಿಗೆ ಬೇರೆ ನೋಂದಣಿ ಇದೆ, ಒಂಟಾರಿಯೊದಲ್ಲಿ ಅದು ಸಿ.ಇ.ಟಿ. (ಸರ್ಟಿಫೈಡ್ ಎಂಜಿನಿಯರಿಂಗ್ ಟೆಕ್ನಾಲಜಿಸ್ಟ್; ನಮ್ಮ ಸಿಇಟಿ ಪರೀಕ್ಷೆಯಲ್ಲ). ಅಲ್ಲಿನ ಕಾಲೇಜುಗಳ ಮೂರು ವರ್ಷದ ‘ಅಡ್ವಾನ್ಸ್ಡ್ ಡಿಪ್ಲೊಮಾ’ ಪದವಿಯಲ್ಲ ಎಂಬುದು ನೆನಪಿರಲಿ. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವವರು ಪದವಿಯಲ್ಲದ ಕೋರ್ಸು ಓದಿದರೆ, ಓದಿನ ನಂತರದ ವರ್ಕ್ ಪರ್ಮಿಟ್ ಸಿಗಲು ಆ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ತೋಟ ಅಡ ಇಟ್ಟು ಸಾಲ ಮಾಡುವವರು ಈ ಒಂದು ಸಾಲನ್ನು ಎರಡು ಸಲ ಓದಲಿ.

ಆಸ್ಟ್ರೇಲಿಯಾದ ಲೆಕ್ಕ ಸ್ಪಷ್ಟವಾಗಿದೆ, ನನಗೆ ಇಷ್ಟವಾದದ್ದೂ ಅದೇ. ‘ಎಂಜಿನಿಯರ್ಸ್ ಆಸ್ಟ್ರೇಲಿಯಾ’ ಸಂಸ್ಥೆ ನಾಲ್ಕು ವರ್ಷದ ಪದವಿಯವರನ್ನು ಪ್ರೊಫೆಷನಲ್ ಎಂಜಿನಿಯರ್, ಮೂರು ವರ್ಷದ ಪದವಿಯವರನ್ನು ಎಂಜಿನಿಯರಿಂಗ್ ಟೆಕ್ನಾಲಜಿಸ್ಟ್, ಎರಡು ವರ್ಷದ ಕೋರ್ಸಿನವರನ್ನು ಎಂಜಿನಿಯರಿಂಗ್ ಅಸೋಸಿಯೇಟ್ ಎಂದು ಗುರುತಿಸುತ್ತದೆ. ಮೂವರಿಗೂ ಅವರವರ ಸ್ಥಾನ ಇದೆ, ಯಾರನ್ನೂ ಮುಚ್ಚಿಟ್ಟಿಲ್ಲ.

ಜರ್ಮನಿಯಲ್ಲಿ ‘ಅಪ್ಲೈಡ್ ಸೈನ್ಸಸ್’ ವಿಶ್ವವಿದ್ಯಾಲಯಗಳು ಕೊಡುವ ಬಿ.ಎಂಜಿ. ಪ್ರಾಯೋಗಿಕ ಕಲಿಕೆಗೆ ಒತ್ತು ಕೊಟ್ಟರೂ ಎಂಜಿನಿಯರಿಂಗ್ ಪದವಿಯೇ. ಅದನ್ನು ಅಮೆರಿಕದ ಟೆಕ್ನಾಲಜಿ ಪದವಿಯ ಜೊತೆ ಸೇರಿಸಬೇಡಿ.

ವಾಷಿಂಗ್ಟನ್ ಅಕಾರ್ಡ್ ಎಂದು ಕಾಲೇಜಿನ ಬ್ರೋಷರಿನಲ್ಲಿ ಬರೆದಿರುತ್ತಾರೆ. ನಮಗೆ ಉಪಯೋಗ ಇದೆಯೇ?

ಇದೆ, ಷರತ್ತಿನ ಮೇಲೆ. ಒಂದು ದೇಶ ಮಾನ್ಯ ಮಾಡಿದ ಓದನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ಒಪ್ಪಂದಗಳು ಮೂರಿವೆ. ಎಂಜಿನಿಯರ್ ಪದವಿಗೆ 1989ರ ವಾಷಿಂಗ್ಟನ್ ಅಕಾರ್ಡ್, ಟೆಕ್ನಾಲಜಿಸ್ಟ್ ಓದಿಗೆ 2001ರ ಸಿಡ್ನಿ ಅಕಾರ್ಡ್, ಟೆಕ್ನೀಷಿಯನ್ ಓದಿಗೆ 2002ರ ಡಬ್ಲಿನ್ ಅಕಾರ್ಡ್. ಭಾರತ 2014ರ ಜೂನ್ 13ರಂದು ವಾಷಿಂಗ್ಟನ್ ಅಕಾರ್ಡಿನ ಪೂರ್ಣ ಸದಸ್ಯ ರಾಷ್ಟ್ರವಾಯಿತು, ನಮ್ಮ ಪರವಾಗಿ ಅದರಲ್ಲಿರುವುದು ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಬಿಎ.

ಎಲ್ಲ ಬಿ.ಇ. ಕೋರ್ಸಿಗೂ ಇದು ಅನ್ವಯಿಸುವುದಿಲ್ಲ. ಎನ್‌ಬಿಎ ಟಿಯರ್–1 ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ. ಟಿಯರ್–1 ಸಿಗುವುದು ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ. ಅದೂ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ, ಇಂತಿಷ್ಟು ವರ್ಷಕ್ಕೆ. ಒಂದೇ ಕಾಲೇಜಿನ ಸಿವಿಲ್‌ಗೆ ಇದ್ದು ಇನ್ನೊಂದು ಹೊಸ ಬ್ರಾಂಚಿಗೆ ಇಲ್ಲದಿರಬಹುದು. ಆಪ್ಷನ್ ಎಂಟ್ರಿ ಮಾಡುವ ಮೊದಲು ಎನ್‌ಬಿಎ ಜಾಲತಾಣದಲ್ಲಿ ಬ್ರಾಂಚು, ಟಿಯರ್, ಅವಧಿ ಮೂರನ್ನೂ ನೋಡಿ.

ಮಗುವಿಗೆ ಗಣಿತ ಕಷ್ಟ. ಟೆಕ್ನಾಲಜಿಯೇ ವಾಸಿ ಅಲ್ಲವೇ?

ಈ ಪ್ರಶ್ನೆಗೆ ನಾನು ಅವಸರದ ಉತ್ತರ ಕೊಡುವುದಿಲ್ಲ. ‘ಗಣಿತ ಕಷ್ಟ’ ಎನ್ನುವುದರಲ್ಲಿ ಎರಡು ಬಗೆ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿಯೇ ಓದಿ, ಪಿಯುಸಿಗೆ ಬಂದ ಕೂಡಲೇ ಇಂಗ್ಲಿಷಿನಲ್ಲಿ ಕ್ಯಾಲ್ಕುಲಸ್ ಬಂದು ಎದೆಗೆ ಬಡಿದ ಮಕ್ಕಳು ಒಂದು ಬಗೆ. ಇವರಿಗೆ ಗಣಿತ ಕಷ್ಟವಲ್ಲ, ಹೇಳಿಕೊಟ್ಟ ವೇಗ ಕಷ್ಟ. ಅರಸೀಕೆರೆ, ಕಡೂರು, ಮೂಡಿಗೆರೆ ಕಡೆಯಿಂದ ಬರುವ ಎಷ್ಟೋ ಮಕ್ಕಳು ಹೀಗೇ ತಮ್ಮನ್ನು ದಡ್ಡರೆಂದು ತಿಳಿದುಕೊಂಡಿರುತ್ತಾರೆ. ಅದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ಇಂಥವರು ಹೆದರಿಕೆಯಿಂದ ದಾರಿ ಬದಲಿಸಬಾರದು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇರುವುದೂ ಇವರಿಗಾಗಿಯೇ. ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ಬಗೆಯವರಿಗೆ ಒಳ್ಳೆಯ ಮೇಷ್ಟ್ರು ಸಿಕ್ಕಿ, ಸಮಯ ಕೊಟ್ಟು, ಅರ್ಥವಾದರೂ ಅದರಲ್ಲಿ ಮನಸ್ಸು ನಿಲ್ಲುವುದಿಲ್ಲ. ಅದೇ ಮಗು ಮಿಕ್ಸಿ ಬಿಚ್ಚಿ ಜೋಡಿಸುತ್ತದೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಯಾಕೆ ಟ್ರಿಪ್ ಆಯಿತೆಂದು ಹುಡುಕುತ್ತ ಊಟ ಮರೆಯುತ್ತದೆ. ಇವರಿಗೆ ಟೆಕ್ನಾಲಜಿಯ ದಾರಿ ಎರಡನೇ ಆಯ್ಕೆ ಅಲ್ಲ, ಮೊದಲನೆಯದೇ. ಒತ್ತಾಯಕ್ಕೆ ಬಿ.ಇ.ಗೆ ಹಾಕಿದರೆ ಎಂ–1, ಎಂ–2 ಎಂಬ ಮೊದಲ ವರ್ಷದ ಗಣಿತದ ಪೇಪರುಗಳಲ್ಲಿ ಬ್ಯಾಕ್ ಉಳಿಸಿಕೊಂಡು, ಇಯರ್ ಬ್ಯಾಕ್ ಆಗಿ, ಇದ್ದ ಆತ್ಮವಿಶ್ವಾಸವನ್ನೂ ಕಳೆದುಕೊಳ್ಳುತ್ತಾರೆ.

ಯಾವ ಬಗೆ ಎಂದು ತಿಳಿಯಲು ರಜೆಯಲ್ಲಿ ಒಂದು ತಿಂಗಳು ಸಾಕು. ದ್ವಿತೀಯ ಪಿಯುಸಿಯ ಡಿಫರೆನ್ಷಿಯೇಷನ್ ಅಧ್ಯಾಯವನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿಕೊಡುವವರ ಹತ್ತಿರ ಕಳಿಸಿ. ತಿಂಗಳ ಕೊನೆಗೆ ಅಂಕ ನೋಡಬೇಡಿ, ತಾನಾಗಿಯೇ ಇನ್ನೊಂದು ಲೆಕ್ಕಕ್ಕೆ ಕೈ ಹಾಕುತ್ತದೆಯೇ ನೋಡಿ.

ಡಿಪ್ಲೊಮಾ ಮಾಡಿ ಆಮೇಲೆ ಬಿ.ಇ. ಸೇರಿದರೆ ವರ್ಷ ಹಾಳಾಗುವುದಿಲ್ಲವೇ?

ಇಲ್ಲ. ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿ ನಂತರ ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮೂರು ವರ್ಷ, ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿದರೆ ಇನ್ನು ಮೂರು, ಅದೂ ಆರೇ. ಎರಡನೇ ದಾರಿಯಲ್ಲಿ ಮಧ್ಯದಲ್ಲೇ ಒಂದು ಸ್ವತಂತ್ರ ಅರ್ಹತೆ ಕೈಯಲ್ಲಿರುತ್ತದೆ. ಮನೆಯಲ್ಲಿ ತೊಂದರೆಯಾದರೆ ಕೆಲಸಕ್ಕೆ ಹೋಗಬಹುದು, ಅನುಕೂಲವಾದರೆ ಓದು ಮುಂದುವರಿಸಬಹುದು. ಹಾಸನದ ಎಲ್.ವಿ. ಸರ್ಕಾರಿ ಪಾಲಿಟೆಕ್ನಿಕ್, ಚಿಕ್ಕಮಗಳೂರಿನ ಡಿಎಸಿಜಿ ಸರ್ಕಾರಿ ಪಾಲಿಟೆಕ್ನಿಕ್ ಇರುವುದು ನಮ್ಮ ಮನೆ ಬಾಗಿಲಿನಲ್ಲೇ. ಅಲ್ಲಿಂದ ಮಲೆನಾಡು ಕಾಲೇಜಿಗೋ, ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ, ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜಿಗೋ ಹೋದರೆ ಊರೂ ಬಿಡಬೇಕಾಗಿಲ್ಲ.

ಹಣಕಾಸು ಬಿಗಿಯಾಗಿರುವ, ಕೈಕೆಲಸದಲ್ಲಿ ಒಲವಿರುವ, ಆದರೆ ಮುಂದೆ ಬಿ.ಇ. ಬೇಕೆನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದೇ ದಾರಿ. ಟೆಕ್ನಾಲಜಿ ಮತ್ತು ಎಂಜಿನಿಯರಿಂಗ್ ಎರಡರ ಸಾರವೂ ಒಬ್ಬರಿಗೇ ಸಿಗುವುದು ಇಲ್ಲಿ. ಲ್ಯಾಬಿನಲ್ಲಿ ಲ್ಯಾಟರಲ್ ಮಕ್ಕಳ ಕೈ ನೋಡಿದರೇ ಗೊತ್ತಾಗುತ್ತದೆ.

ಒಂದು ಕಷ್ಟದ ಜಾಗವಿದೆ, ಅದನ್ನು ಮರೆಮಾಚಬಾರದು. ಮೂರನೇ ಸೆಮಿಸ್ಟರಿಗೆ ನೇರ ಹೋಗಿ ಕುಳಿತಾಗ ಮೊದಲ ವರ್ಷದ ಗಣಿತ ಇವರಿಗೆ ಆಗಿರುವುದಿಲ್ಲ. ಆ ಕೊರತೆ ತುಂಬಲು ವಿಟಿಯು ಹೆಚ್ಚುವರಿ ಗಣಿತದ ಪೇಪರುಗಳನ್ನೇ ಇಟ್ಟಿತ್ತು, ಮಕ್ಕಳ ಬಾಯಲ್ಲಿ ಅದು ‘ಮ್ಯಾಟ್‌ಡಿಪ್’. ಕ್ರೆಡಿಟ್ ಇಲ್ಲವೆಂದು ಅದನ್ನು ಹಗುರವಾಗಿ ತೆಗೆದುಕೊಂಡವರು ಕೊನೆಯ ವರ್ಷದವರೆಗೂ ಹೊತ್ತು ತಿರುಗಿದ್ದಾರೆ. ಡಿಪ್ಲೊಮಾ ಕೊನೆಯ ಸೆಮಿಸ್ಟರ್ ಮುಗಿದು ಬಿ.ಇ. ತರಗತಿ ಶುರುವಾಗುವ ನಡುವಿನ ತಿಂಗಳುಗಳಲ್ಲಿ ಎಂ–1 ಪುಸ್ತಕ ಹಿಡಿದು ಕುಳಿತುಬಿಡಿ.

ಸರ್ಕಾರಿ ಕೆಲಸಕ್ಕೆ ಯಾವುದು?

ಲೋಕೋಪಯೋಗಿಯಂಥ ಇಲಾಖೆಗಳಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆಗೆ ಬಿ.ಇ., ಜೂನಿಯರ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವೀಸಸ್ ಪರೀಕ್ಷೆಗೆ ಎಂಜಿನಿಯರಿಂಗ್ ಪದವಿ ಬೇಕು. ರೈಲ್ವೆ ಮತ್ತು ಎಸ್‌ಎಸ್‌ಸಿ ಜೂನಿಯರ್ ಎಂಜಿನಿಯರ್ ಪರೀಕ್ಷೆಗಳನ್ನು ಡಿಪ್ಲೊಮಾದವರೂ ಬಿ.ಇ.ಯವರೂ ಬರೆಯುತ್ತಾರೆ.

ಡಿಪ್ಲೊಮಾ ಕೇಳಿರುವ ಎಲ್ಲ ಹುದ್ದೆಗೂ ಬಿ.ಇ. ನಡೆಯುತ್ತದೆ ಎಂದುಕೊಳ್ಳಬೇಡಿ. ಕೆಲವು ಪ್ರಕಟಣೆಗಳು ಡಿಪ್ಲೊಮಾವನ್ನೇ ಕೇಳುತ್ತವೆ. ಬಿ.ವೋಕ್. ಓದಿದವರಿಗಂತೂ ‘ಬಿ.ಇ./ಬಿ.ಟೆಕ್.’ ಎಂದು ಬರೆದಿರುವ ಕಡೆ ಅರ್ಜಿ ತಿರಸ್ಕೃತವಾಗುವ ಅಪಾಯ ನಿಜ. ಬಿ.ವೋಕ್. ಸೇರಿಸಿಕೊಳ್ಳುವವರು ‘ಇದು ಬಿ.ಇ.ಗೆ ಸಮ’ ಎಂದರೆ, ಹಾಗೆಂದು ಹೇಳುವ ಸರ್ಕಾರಿ ಆದೇಶದ ಪ್ರತಿ ಕೇಳಿ.

ಮುಂದೆ ಎಂ.ಟೆಕ್. ಅಥವಾ ಎಂ.ಎಸ್. ಮಾಡಬಹುದೇ?

ಎಂ.ಟೆಕ್. ಸೇರಲು ಬಿ.ಇ./ಬಿ.ಟೆಕ್. ಬೇಕು, ಗೇಟ್ ಅಥವಾ ರಾಜ್ಯದ ಪಿಜಿಸಿಇಟಿ ಮೂಲಕ. ಬರೀ ಡಿಪ್ಲೊಮಾ ಸಾಲದು. ಅಮೆರಿಕದ ಟೆಕ್ನಾಲಜಿ ಪದವೀಧರರು ಅಲ್ಲಿ ಎಂಜಿನಿಯರಿಂಗ್ ಎಂ.ಎಸ್.ಗೆ ಅರ್ಜಿ ಹಾಕಬಹುದು. ಆದರೆ ಹಿಂದೆ ಬಿಟ್ಟ ಗಣಿತ, ಥಿಯರಿ ಕೋರ್ಸುಗಳನ್ನು ಮೊದಲು ಮುಗಿಸಿ ಬನ್ನಿ ಎಂದು ಹೇಳುವ ವಿಭಾಗಗಳು ಬಹಳ. ಮೂರು ವರ್ಷದ ಭಾರತೀಯ ಪದವಿ ಹಿಡಿದು ಅಲ್ಲಿ ಎಂ.ಎಸ್.ಗೆ ಹೋಗುವವರಿಗೆ ನಾಲ್ಕು ವರ್ಷದ ಓದು ಕೇಳುವ ವಿಶ್ವವಿದ್ಯಾಲಯಗಳು ಎದುರಾಗುತ್ತವೆ.

ಸಂಬಳದಲ್ಲಿ ವ್ಯತ್ಯಾಸ?

ಶುರುವಿನಲ್ಲಿ ಇದೆ. ದೊಡ್ಡ ಕಾರ್ಖಾನೆಗಳು ಬಿ.ಇ.ಯವರನ್ನು ಗ್ರಾಜುಯೇಟ್ ಎಂಜಿನಿಯರ್ ಟ್ರೈನಿ, ಡಿಪ್ಲೊಮಾದವರನ್ನು ಡಿಪ್ಲೊಮಾ ಎಂಜಿನಿಯರ್ ಟ್ರೈನಿ ಎಂದು ಬೇರೆ ಬೇರೆ ಮೆಟ್ಟಿಲಲ್ಲಿ ತೆಗೆದುಕೊಳ್ಳುತ್ತವೆ. ಐದಾರು ವರ್ಷದ ನಂತರ ಯಾರ ಕೈಯಲ್ಲಿ ಕೆಲಸ ನಡೆಯುತ್ತದೆ ಎಂಬುದು ಹೆಚ್ಚು ಎಣಿಕೆಗೆ ಬರುತ್ತದೆ, ಆದರೂ ಬಡ್ತಿಯ ನಿಯಮದಲ್ಲಿ ‘ಪದವಿ ಕಡ್ಡಾಯ’ ಎಂದಿರುವ ಕಡೆ ಡಿಪ್ಲೊಮಾದವರು ಒಂದು ಹಂತದಲ್ಲಿ ನಿಲ್ಲುತ್ತಾರೆ. ಕೆಲಸದಲ್ಲಿದ್ದುಕೊಂಡೇ ಬಿ.ಇ. ಮುಗಿಸಲು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2023–24ರಿಂದ ಉದ್ಯೋಗಸ್ಥರಿಗೆ ಹೊಂದುವ ಸಮಯದ ತರಗತಿಗಳಿಗೆ ಅವಕಾಶ ಕೊಟ್ಟಿದೆ. ಅನುಮತಿ ಇರುವ ಕಾಲೇಜು ಹತ್ತಿರದಲ್ಲಿದೆಯೇ ವಿಚಾರಿಸಿ.

ಊರಿನಲ್ಲೇ ಉಳಿದು ಕೆಲಸ ಮಾಡುವ ಆಸೆ ಇದ್ದರೆ?

ಆಗ ಟೆಕ್ನಾಲಜಿಯ ಕೈಗೆ ಬೆಲೆ ಹೆಚ್ಚು ಎಂದೇ ನನ್ನ ಅಭಿಪ್ರಾಯ. ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರಗಳು, ಡ್ರೈಯರ್‌ಗಳ ತಾಪಮಾನ ನಿಯಂತ್ರಣ, ಹಾಸನದ ಡೇರಿ, ಕೈಗಾರಿಕಾ ಪ್ರದೇಶದ ಜವಳಿ ಘಟಕಗಳು, ಸೆಸ್ಕ್ ಮತ್ತು ಮೆಸ್ಕಾಂ ವ್ಯಾಪ್ತಿಯ ಸಬ್‌ಸ್ಟೇಷನ್‌ಗಳು, ತೋಟಗಳ ಸೌರ ಪಂಪು, ಹನಿ ನೀರಾವರಿ. ಇಲ್ಲೆಲ್ಲ ಬೇಕಾಗಿರುವುದು ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಕಂಪ್ಯೂಟರ್) ಪ್ರೋಗ್ರಾಂ ಓದಬಲ್ಲ, ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಸೆಟ್ ಮಾಡಬಲ್ಲ, ಕೆಟ್ಟರೆ ಕಾರಣ ಹುಡುಕಬಲ್ಲ ಜನ. ಕೊಯ್ಲಿನ ಕಾಲದಲ್ಲಿ ಬೆಂಗಳೂರಿನಿಂದ ಸರ್ವಿಸ್ ಎಂಜಿನಿಯರ್ ಬರುವವರೆಗೆ ಕಾಯುವ ತೋಟಗಾರರನ್ನು ಕೇಳಿ, ಹತ್ತಿರದಲ್ಲೇ ಒಬ್ಬರಿದ್ದರೆ ಏನು ಕೊಡಲು ಸಿದ್ಧರೆಂದು ಅವರೇ ಹೇಳುತ್ತಾರೆ.

ನೆಂಟರು ‘ಅರ್ಧ ಎಂಜಿನಿಯರ್’ ಅನ್ನುತ್ತಾರೆ. ಏನು ಹೇಳಲಿ?

ಏನೂ ಹೇಳಬೇಡಿ. ಮಗುವಿನ ಎದುರಿಗೆ ಆ ಮಾತು ಬಂದಾಗ ಮಾತ್ರ ಸುಮ್ಮನಿರಬೇಡಿ, ಅಲ್ಲೇ ತಡೆಯಿರಿ. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಒಂದು ಮಾತು ಬಹಳ ಕಾಲ ಉಳಿಯುತ್ತದೆ.

ಸೇರಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದೇ?

ಅಮೆರಿಕದಲ್ಲಿ ಎಂಜಿನಿಯರಿಂಗ್‌ನಿಂದ ಟೆಕ್ನಾಲಜಿಗೆ ಬರುವುದು ಸುಲಭ, ಓದಿದ ಗಣಿತ ವ್ಯರ್ಥವಾಗುವುದಿಲ್ಲ. ತಿರುಗಿ ಹೋಗುವುದು ಕಷ್ಟ. ಟೆಕ್ನಾಲಜಿಯಲ್ಲಿ ಓದಿದ ಭೌತಶಾಸ್ತ್ರ ಕ್ಯಾಲ್ಕುಲಸ್ ಇಲ್ಲದ್ದಾಗಿದ್ದರೆ ಎಂಜಿನಿಯರಿಂಗ್ ವಿಭಾಗ ಅದನ್ನು ಎಣಿಸುವುದಿಲ್ಲ, ಮೊದಲಿನಿಂದ ಓದಬೇಕು. ಹಾಗಾಗಿ ಎರಡರ ಮಧ್ಯೆ ನಿಜವಾಗಿಯೂ ತೂಗುಯ್ಯಾಲೆ ಇದ್ದು, ಗಣಿತ ನಿಭಾಯಿಸಬಲ್ಲೆ ಅನ್ನಿಸಿದರೆ ಎಂಜಿನಿಯರಿಂಗ್‌ನಲ್ಲೇ ಶುರುಮಾಡುವುದು ಒಳ್ಳೆಯದು. ನಮ್ಮಲ್ಲಾದರೆ ಡಿಪ್ಲೊಮಾದಿಂದ ಬಿ.ಇ.ಗೆ ಲ್ಯಾಟರಲ್ ಎಂಟ್ರಿ ಎಂಬ ಅಧಿಕೃತ ಬಾಗಿಲೇ ಇದೆ.

ಕಾಲೇಜು ನೋಡಲು ಹೋದಾಗ ಏನು ಕೇಳಬೇಕು?

ಸ್ವಾಗತ ಕಚೇರಿಯಲ್ಲಿ ಕುಳಿತು ಬ್ರೋಷರ್ ನೋಡಬೇಡಿ, ಲ್ಯಾಬ್ ತೋರಿಸಿ ಎನ್ನಿ. ಯೂನಿವರ್ಸಲ್ ಟೆಸ್ಟಿಂಗ್ ಮಷೀನ್ ಹತ್ತಿರ ಲಾಗ್ ಪುಸ್ತಕ ಇರುತ್ತದೆ, ಕೊನೆಯ ನಮೂದಿನ ದಿನಾಂಕ ನೋಡಿ. ಪಾಠ ನಡೆಯುವ ದಿನಗಳಲ್ಲೂ ತಿಂಗಳಾನುಗಟ್ಟಲೆ ನಮೂದಿಲ್ಲದಿದ್ದರೆ ಯಂತ್ರ ಇರುವುದು ತಪಾಸಣೆ ತಂಡಕ್ಕೆ ತೋರಿಸಲು. ಟೆಕ್ನಾಲಜಿ ಕೋರ್ಸಿಗಂತೂ ಲ್ಯಾಬೇ ಪ್ರಾಣ. ಮೂರನೇ ಸೆಮಿಸ್ಟರಿನ ಒಬ್ಬರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ಗಣಿತ ಯಾರು ತೆಗೆದುಕೊಳ್ಳುತ್ತಾರೆ, ಎಷ್ಟು ಜನಕ್ಕೆ ಬ್ಯಾಕ್ ಇದೆ ಎಂದು ಕೇಳಿ. ಶುಲ್ಕದ ಕಷ್ಟ ಇರುವವರು ಎಸ್‌ಎನ್‌ಕ್ಯೂ ಸೀಟಿನ ಬಗ್ಗೆ ಕೇಳಿ, ಆರ್ಥಿಕವಾಗಿ ಹಿಂದುಳಿದವರಿಗೆ ಬೋಧನಾ ಶುಲ್ಕದ ವಿನಾಯಿತಿ ಅದರಲ್ಲಿದೆ. ಹೊರದೇಶದ ಕಾಲೇಜಾದರೆ ಮೂರು ಪ್ರಶ್ನೆಗಳನ್ನು ಏಜೆಂಟರಿಗಲ್ಲ, ನೇರ ಆ ವಿಭಾಗಕ್ಕೆ ಇಮೇಲ್ ಮಾಡಿ: ಈ ಕೋರ್ಸಿಗೆ ಯಾವ ಸಂಸ್ಥೆಯ, ಯಾವ ಆಯೋಗದ ಮಾನ್ಯತೆ ಇದೆ? ಇದನ್ನು ಓದಿದವರು ನಿಮ್ಮ ರಾಜ್ಯದಲ್ಲಿ ಎಂಜಿನಿಯರ್ ಲೈಸೆನ್ಸಿಗೆ ಅರ್ಜಿ ಹಾಕಬಹುದೇ? ನಿಮ್ಮದೇ ಎಂಜಿನಿಯರಿಂಗ್ ವಿಭಾಗದ ಎಂ.ಎಸ್.ಗೆ ಇವರನ್ನು ಸೇರಿಸಿಕೊಳ್ಳುತ್ತೀರಾ? ಉತ್ತರ ಬರುವವರೆಗೆ ಡೆಪಾಸಿಟ್ ಕಟ್ಟಬೇಡಿ. ಬಂದ ಉತ್ತರದ ಪ್ರಿಂಟ್ ತೆಗೆದು ಆಫರ್ ಲೆಟರಿನ ಜೊತೆಗೇ ಇಟ್ಟುಕೊಳ್ಳಿ.